ನಗೆಗೆ ಕಾಯುವ ಚಾಳಿ

ತುಳು ನಾಟಕದಲ್ಲಿ ನಗಿಸುವ ನಾನು ಗಂಭೀರ ಪೊಲೀಸ್ ಪಾತ್ರ ಮಾಡಿದ ಸಿನಿಮಾ ಬಂದ ಮೇಲೆ ಮದುವೆ ಹಾಲ್, ಬ್ರಹ್ಮಕಲಶ, ಬಸ್‌ಸ್ಟ್ಯಾಂಡ್, ಎಲ್ಲಿ ಸಿಕ್ಕಿದರೂ ಜನ ಕೇಳುವುದು ಒಂದೇ. 'ಅಷ್ಟು ಹೊತ್ತು ನಗದೆ ಹೇಗೆ ಇದ್ರಿ ಮಾರಾಯ್ರೆ?' ನಗದೆ ಇರುವುದು ನಮಗೆ ಕಷ್ಟವೇ ಅಲ್ಲ. ಹಾಸ್ಯ ಮಾಡುವವ ವೇದಿಕೆಯಲ್ಲಿ ತಾನೇ ನಕ್ಕರೆ ಆವತ್ತಿನ ಕೆಲಸ ಕೆಟ್ಟಿತು ಎಂದೇ ಲೆಕ್ಕ. ನನಗೆ ಕಷ್ಟವಾದದ್ದು ಬೇರೆ: ಎದುರಿಗಿರುವವರು ನಗಲಿ ಎಂದು ಕಾಯುವುದನ್ನು ಬಿಡುವುದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತುಳು ನಾಟಕ ನೋಡಿದವರಿಗೆ ಗೊತ್ತುಂಟು, ನಮ್ಮದು ಹೆಚ್ಚಾಗಿ ಬಯಲಿನ ವ್ಯವಹಾರ. ದೀಪಾವಳಿ ಕಳೆದು ಮಳೆ ಹಿಡಿಯುವ ತನಕ ಸೀಸನ್. ಯುವಕ ಮಂಡಲದ ವಾರ್ಷಿಕೋತ್ಸವ, ಶಾಲೆಯ ಮೈದಾನ, ದೇವಸ್ಥಾನದ ಜಾತ್ರೆ. ಸಭಾ ಕಾರ್ಯಕ್ರಮ, ಸನ್ಮಾನ, ಮಕ್ಕಳ ಡ್ಯಾನ್ಸ್ ಎಲ್ಲ ಮುಗಿದು ನಮ್ಮ ಪರದೆ ಏಳುವಾಗ ರಾತ್ರಿ ಹತ್ತು ದಾಟಿರುತ್ತದೆ. ಮೇಲಿನಿಂದ ಇಳಿಬಿಟ್ಟ ಮೈಕಿನ ಅಡಿಗೆ ಬಂದೇ ಮಾತಾಡಬೇಕು, ಆಚೆ ಸರಿದರೆ ಧ್ವನಿ ಹೋಯಿತು. ಅಲ್ಲಿ ಒಂದು ಮಾತು ಹತ್ತಿದರೆ ನಗೆ ಮುಂದಿನ ಕುರ್ಚಿಗಳಿಂದ ಹೊರಟು, ಹಿಂದೆ ಚರುಮುರಿ ಗಾಡಿಯ ಹತ್ತಿರ ನಿಂತವರನ್ನು ಮುಟ್ಟಿ ತಿರುಗಿ ಬರುತ್ತದೆ. ಅದು ಪೂರ್ತಿ ಇಳಿಯುವುದಕ್ಕೆ ಸ್ವಲ್ಪ ಮೊದಲು ಮುಂದಿನ ಮಾತು ಎತ್ತಬೇಕು. ಬೇಗ ಎತ್ತಿದರೆ ಯಾರಿಗೂ ಕೇಳುವುದಿಲ್ಲ, ತಡವಾದರೆ ಮೈದಾನ ತಣ್ಣಗಾಗುತ್ತದೆ. ಈ ಲೆಕ್ಕ ಯಾರೂ ಹೇಳಿಕೊಟ್ಟದ್ದಲ್ಲ, ನಿಂತೂ ನಿಂತೂ ಮೈಗೆ ಹತ್ತಿದ್ದು. ಮಾತು ಮುಗಿದ ಕೂಡಲೇ ಹುಬ್ಬು ಮೇಲೆ ಹೋಗುತ್ತದೆ, ಮುಖ ಅರ್ಧ ಪ್ರೇಕ್ಷಕರ ಕಡೆ ತಿರುಗುತ್ತದೆ, ಎತ್ತಿದ ಕೈ ಹಾಗೆಯೇ ನಿಲ್ಲುತ್ತದೆ. 'ಹ್ಞಾಂ, ಈಗ ನಗಿ' ಎಂದು ಇಡೀ ಮೈ ಬೇಡುತ್ತಿರುತ್ತದೆ.

ಪೊಲೀಸಿನವ ಎದುರಿನವರಿಂದ ಏನನ್ನೂ ಬೇಡುವುದಿಲ್ಲ. ಖಾಕಿ ಹಾಕಿದ ಮೇಲೆ ನಾನು ಮಾಡಬೇಕಾಗಿದ್ದದ್ದು ಇಷ್ಟೇ. ಅದಕ್ಕೇ ತಿಂಗಳುಗಟ್ಟಲೆ ಬೇಕಾಯಿತು.

ನಿರ್ದೇಶಕರು ನಮ್ಮ ಕಡೆಯವರೇ, ಸಣ್ಣ ಪ್ರಾಯದ ಹುಡುಗ. ಪೊಲೀಸ್ ಸಿನಿಮಾ ಎಂದಾಗ ನನಗೆ ಯಾವ ಪಾತ್ರ ಎಂದು ನಾನೇ ಅಂದಾಜು ಮಾಡಿಕೊಂಡಿದ್ದೆ. ನಮ್ಮ ಸಿನಿಮಾಗಳಲ್ಲಿ ಹಾಸ್ಯ ನಟನಿಗೆ ಖಾಕಿ ಸಿಕ್ಕಿತೆಂದರೆ ಹೊಟ್ಟೆ ಬಿಟ್ಟ ಪೇದೆ. ಓಡುವಾಗ ಟೊಪ್ಪಿ ಬೀಳಬೇಕು, ಕಳ್ಳನ ಬದಲು ಸಾಹೇಬರನ್ನೇ ಹಿಡಿಯಬೇಕು. ಇವರು ಹೇಳಿದ್ದು ಕಾನ್‌ಸ್ಟೇಬಲ್ ಆಗಿ ಸೇರಿ ಪ್ರಮೋಷನ್‌ನಲ್ಲಿ ಮೇಲೆ ಬಂದ ಸಬ್‌ಇನ್‌ಸ್ಪೆಕ್ಟರ್. ನಿವೃತ್ತಿಗೆ ಹತ್ತಿರ. ಬಂದರಿನ ಧಕ್ಕೆಯಲ್ಲಿ ಯಾರ ಬೋಟ್ ಯಾವಾಗ ಹೋಯಿತು, ಯಾರ ಮನೆಯಲ್ಲಿ ಸಾಲ ಎಷ್ಟು, ಎಲ್ಲ ಗೊತ್ತಿರುವವ. ಕೊನೆಗೆ ಒಟ್ಟಿಗೆ ಓದಿದ ಗೆಳೆಯನನ್ನೇ ಹಿಡಿಯಬೇಕಾಗುತ್ತದೆ. 'ನಿಮಗೆ ಸಿಟ್ಟು ಬಂದದ್ದನ್ನು ಈ ಊರು ಯಾವತ್ತೂ ನೋಡಿಲ್ಲ ಅಣ್ಣ. ನನಗೆ ಅದು ಬೇಕು' ಎಂದರು. ಮನೆಯಲ್ಲಿ ಹೇಳಿದಾಗ ಹೆಂಡತಿ, 'ಊರು ನೋಡದಿದ್ದರೆ ನಾನು ದಿನಾ ನೋಡ್ತೇನಲ್ಲ' ಎಂದಳು.

ಇದು ಹೊಸ ಸಾಹಸವೆಂದು ಪತ್ರಿಕೆಯವರು ಬರೆದರು. ನಮ್ಮ ಊರಿನ ಮಟ್ಟಿಗೆ ಹೊಸತೇನಲ್ಲ. ತೆಂಕುತಿಟ್ಟು ಯಕ್ಷಗಾನದ ಹಾಸ್ಯಗಾರನನ್ನು ನೋಡಿ. ರಾತ್ರಿಯಿಡೀ ದೂತ, ಬ್ರಾಹ್ಮಣ, ಮುದುಕಿ ಎಂದು ಓಡಾಡುವ ಅದೇ ಮನುಷ್ಯನಿಗೆ 'ನಳ ದಮಯಂತಿ'ಯಲ್ಲಿ ಬಾಹುಕನ ವೇಷ. ಕಾರ್ಕೋಟಕ ಕಚ್ಚಿ ರೂಪ ಕೆಟ್ಟ ನಳ, ಋತುಪರ್ಣನ ಆಸ್ಥಾನದಲ್ಲಿ ಅಡಿಗೆ ಮಾಡಿಕೊಂಡು, ರಥ ಹೊಡೆದುಕೊಂಡು ಇದ್ದಾನೆ. ಮೈ ನೋಡಿದರೆ ಜನರಿಗೆ ನಗು. ಅದೇ ಮೈ ದಮಯಂತಿಯ ಎದುರು ನಿಂತಾಗ ನಗು ಗಂಟಲಲ್ಲಿ ಸಿಕ್ಕಿಕೊಳ್ಳಬೇಕು. ಬಾಹುಕನಿಗೆ ಹಾಸ್ಯಗಾರನೇ ಬೇಕು ಎಂದು ಹಿಂದಿನವರು ಯಾಕೆ ಇಟ್ಟರು ಎಂದು ನನಗೆ ಅರ್ಥವಾದದ್ದು ಈ ಪಾತ್ರ ಒಪ್ಪಿಕೊಂಡ ಮೇಲೆ. ನಗಿಸಿದ ಮೈಯೇ ನಗುವನ್ನು ನಿಲ್ಲಿಸಿದರೆ ಅದರ ಪೆಟ್ಟು ದೊಡ್ಡದು. ಮೊದಲಿನಿಂದಲೂ ಗಂಭೀರವಾಗಿ ಇದ್ದವನಿಗೆ ಆ ಅನುಕೂಲ ಇಲ್ಲ.

ಸಿನಿಮಾದಲ್ಲೂ ಉದಾಹರಣೆ ಬೇಕಾದಷ್ಟು. ಮಲಯಾಳದಲ್ಲಿ ಮಿಮಿಕ್ರಿಯಿಂದ ಬಂದ ಸುರಾಜ್ ವೆಂಞಾರಮೂಡು 2016ರ ಪೊಲೀಸ್ ಚಿತ್ರವೊಂದರಲ್ಲಿ ಠಾಣೆಗೆ ಬರುವ ಗಂಡನಾಗಿ ಕೆಲವೇ ನಿಮಿಷ ಕಾಣಿಸಿಕೊಂಡಿದ್ದಾರೆ. ಇಡೀ ಸಿನಿಮಾದಲ್ಲಿ ನನಗೆ ನೆನಪು ಉಳಿದದ್ದು ಆ ಮುಖ. ತಮಿಳಿನ ಹಾಸ್ಯ ನಟ ಸೂರಿ 2023ರಲ್ಲಿ ಕಾನ್‌ಸ್ಟೇಬಲ್ ಪಾತ್ರದಲ್ಲಿ ಇಡೀ ಸಿನಿಮಾ ಹೊತ್ತರು. ನಮ್ಮ ಕನ್ನಡದ ಟಿ. ಎನ್. ಬಾಲಕೃಷ್ಣ ಹಾಸ್ಯಕ್ಕೂ ಸೈ, ಖಳನಿಗೂ ಸೈ. ಬಾಲಣ್ಣನಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ, ಎದುರಿನವರ ತುಟಿ ನೋಡಿಕೊಂಡೇ ತನ್ನ ಮಾತಿನ ಸಮಯ ಹಿಡಿಯುತ್ತಿದ್ದರು. ಈ ಕೊನೆಯ ಸಂಗತಿ ನನಗೆ ಆಮೇಲೆ ಬಹಳ ಉಪಯೋಗಕ್ಕೆ ಬಂತು. ಅದನ್ನು ಮುಂದೆ ಹೇಳುತ್ತೇನೆ.

ಮೇಲಧಿಕಾರಿಗಳ ಅನುಮತಿ ಪಡೆದು ಒಂದು ಠಾಣೆಯಲ್ಲಿ ಮೂಲೆಯ ಬೆಂಚು ಹಿಡಿದೆ. ಯಾವ ಠಾಣೆ ಎಂದು ಹೇಳುವುದಿಲ್ಲ, ಅಲ್ಲಿಯವರಿಗೆ ಸುಮ್ಮನೆ ತೊಂದರೆ. ಸಿನಿಮಾ ನೋಡಿ ನಾನು ಅಂದುಕೊಂಡಿದ್ದ ಪೊಲೀಸ್ ಅಲ್ಲಿ ಇರಲಿಲ್ಲ. ಬೊಬ್ಬೆ ಹೊಡೆಯುವುದು ಕಡಿಮೆ. ವಯರ್‌ಲೆಸ್ ಒಂದು ತನ್ನಷ್ಟಕ್ಕೆ ಕರಕರ ಎನ್ನುತ್ತಿರುತ್ತದೆ, ಠಾಣೆಯ ದಾಖಲೆ ಬರೆಯುವ ರೈಟರ್ ತಲೆ ಎತ್ತದೆ ಬರೆಯುತ್ತಿರುತ್ತಾನೆ. ಸಿಬ್ಬಂದಿಯಲ್ಲಿ ಬಹಳ ಮಂದಿ ಘಟ್ಟದ ಮೇಲಿನವರು. ಬಾಗಲಕೋಟೆಯ ಹುಡುಗನೊಬ್ಬ ತನ್ನ ಊರಿನ ಎಳೆತದಲ್ಲೇ ತುಳುವಿನಲ್ಲಿ 'ಬಲೆ, ಕುಲ್ಲುಲೆ' (ಬನ್ನಿ, ಕೂತುಕೊಳ್ಳಿ) ಎಂದು ಅಜ್ಜಿಯೊಬ್ಬರಿಗೆ ಕುರ್ಚಿ ಎಳೆದುಕೊಟ್ಟ. ನಾಟಕದವನ ಕಣ್ಣಿಗೆ ಅದು ಒಳ್ಳೆಯ ಸರಕು. ಬರೆದಿಟ್ಟುಕೊಳ್ಳಲಿಲ್ಲ, ಆವತ್ತು ನಾನು ಹೋದದ್ದು ಅದಕ್ಕಲ್ಲ.

ನಾನು ನೋಡುತ್ತಿದ್ದದ್ದು ಅಲ್ಲಿಯ ಎಸ್‌ಐಯ ಕಣ್ಣು ಮತ್ತು ಕೈ. ಒಬ್ಬ ಹೆಂಗಸು ಮಗ ಮನೆಗೆ ಬಾರದ್ದನ್ನು ಹೇಳಿಕೊಂಡು ಅಳುತ್ತಿದ್ದರು. ಈ ಮನುಷ್ಯ ಮುಖದಲ್ಲಿ ಅಯ್ಯೋ ಪಾಪ ಎಂದು ತೋರಿಸಲಿಲ್ಲ. ನೀರಿನ ಬಾಟ್ಲಿಯನ್ನು ಅವರ ಕಡೆ ದೂಡಿದರು, ಪೆನ್ನಿನ ಮುಚ್ಚಳ ತೆಗೆದರು, 'ಅಂಗಿ ಯಾವ ಬಣ್ಣದ್ದು?' ಎಂದು ಕೇಳಿದರು. ಅಳುವುದು ಅಲ್ಲಿಗೆ ನಿಂತಿತು, ಯಾಕೆಂದರೆ ಆ ತಾಯಿಗೆ ಈಗ ನೆನಪು ಮಾಡಿಕೊಳ್ಳುವ ಒಂದು ಕೆಲಸ ಸಿಕ್ಕಿತು. ಕರುಣೆಯನ್ನು ಮುಖದಲ್ಲಿ ಬರೆಯದೆ ಪ್ರಶ್ನೆಯಲ್ಲಿ ಇಡಬಹುದು ಎಂದು ಯಾವ ನಟನಾ ಶಿಬಿರದಲ್ಲೂ ನನಗೆ ಹೇಳಿರಲಿಲ್ಲ. ಸಿನಿಮಾದಲ್ಲಿ ಅಂಥದ್ದೇ ಒಂದು ದೃಶ್ಯ ಇತ್ತು, ಅದರಲ್ಲಿ ನನಗೆ ಬರೆದುಕೊಟ್ಟ ಅರ್ಧ ಪುಟದ ಸಮಾಧಾನದ ಮಾತು ತೆಗೆಸಿ ಎರಡು ಪ್ರಶ್ನೆ ಹಾಕಿಸಿದೆ.

ಕಾನೂನಿನ ಮಾತಿನಲ್ಲೂ ಒಂದು ಗಮ್ಮತ್ತು ನಡೆಯಿತು. ಚಿತ್ರಕಥೆಯಲ್ಲಿ ಹಳೆಯ ಅಭ್ಯಾಸದಂತೆ '302 ಹಾಕ್ತೇನೆ' ಎಂದಿತ್ತು, ಹಳೆಯ ದಂಡ ಸಂಹಿತೆಯಲ್ಲಿ ಕೊಲೆಯ ಕಲಂ ಅದು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದು ಕೊಲೆಗೆ ಈಗ ಕಲಂ 103. ಎಫ್‌ಐಆರ್ ದಾಖಲಿಸುವ ಕಲಂ ಕೂಡ 154 ಹೋಗಿ ನಾಗರಿಕ ಸುರಕ್ಷಾ ಸಂಹಿತೆಯ 173 ಆಯಿತು. ಆದರೆ 103 ಎಂದು ಗರ್ಜಿಸಿದರೆ ಟಾಕೀಸಿನಲ್ಲಿ ಯಾರಿಗೆ ಅರ್ಥವಾಗಬೇಕು? ಕೊನೆಗೆ ನನ್ನ ಪಾತ್ರ ಅಭ್ಯಾಸಬಲದಿಂದ 302 ಎನ್ನುವುದು, ಪಕ್ಕದ ರೈಟರ್ ಮೆಲ್ಲಗೆ 'ಸಾರ್, 103' ಎನ್ನುವುದು ಎಂದು ಮಾಡಿದೆವು. ನಿಜ ಹೇಳಬೇಕೆಂದರೆ ಅದೊಂದು ಜೋಕ್. ನಾಟಕದಲ್ಲಿ ಆಗಿದ್ದರೆ ನಾನು ರೈಟರನನ್ನೊಮ್ಮೆ ನೋಡಿ, ಪ್ರೇಕ್ಷಕರನ್ನೊಮ್ಮೆ ನೋಡಿ, ಟೊಪ್ಪಿ ತೆಗೆದು ತಲೆ ಕೆರೆದು ಮೂರು ನಗೆ ಎತ್ತುತ್ತಿದ್ದೆ. ಇಲ್ಲಿ 'ಹ್ಞೂಂ, ಬರಿ' ಎಂದಷ್ಟೇ ಹೇಳಿ ಮುಂದಿನ ಮಾತಿಗೆ ಹೋದೆ. ಜನ ನಗುತ್ತಾರೆ. ನಗಲಿ. ಅದು ಅವರಿಗೆ ಬಿಟ್ಟದ್ದು, ನಾನು ಅಲ್ಲಿ ನಿಂತು ಕಾಯುವುದಿಲ್ಲ.

ಬಟ್ಟೆಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಬಾಡಿಗೆಗೆ ತಂದ ಕಾಸ್ಟ್ಯೂಮಿನಲ್ಲಿ ನನ್ನ ಹೆಗಲಿಗೆ ಮೂರು ನಕ್ಷತ್ರ ಇತ್ತು, ಕೆಂಪು ನೀಲಿ ಪಟ್ಟಿ ಇರಲಿಲ್ಲ. ಹಾಗೆ ಹಾಕಿದರೆ ನಾನು ಮಂಗಳೂರಿನಲ್ಲಿ ಎಸಿಪಿ, ಉಡುಪಿಗೆ ಹೋದರೆ ಡಿವೈಎಸ್‌ಪಿ. ಮಂಗಳೂರು 2010ರಿಂದ ಕಮಿಷನರೇಟ್, ಉಡುಪಿ ಎಸ್‌ಪಿಯವರ ಜಿಲ್ಲೆ, ಹಾಗಾಗಿ ಹುದ್ದೆಯ ಹೆಸರು ಬೇರೆ. ಎಸ್‌ಐಗೆ ಎರಡು ನಕ್ಷತ್ರ, ಜೊತೆಗೆ ಪಟ್ಟಿ. ಪೇದೆಗಳ ತಲೆಗೆ ಮೊದಲಿನ ಅಗಲ ಹ್ಯಾಟ್ ಹಾಕಿಸಿದೆವು. 2025ರಲ್ಲಿ ನೀಲಿ ಪೀಕ್ ಕ್ಯಾಪ್ ಬಂದದ್ದು, ನಮ್ಮ ಕಥೆ ಅದಕ್ಕಿಂತ ಹಿಂದಿನದ್ದು. ಇಂಥದ್ದನ್ನೆಲ್ಲ ಯಾರು ನೋಡುತ್ತಾರೆ ಎಂದು ನಮ್ಮ ಸಹಾಯಕ ನಿರ್ದೇಶಕ ಕೇಳಿದ. ಪೊಲೀಸರ ಮನೆಯವರು ನೋಡುತ್ತಾರೆ ಮಾರಾಯ.

ಮೈಯ ತಯಾರಿಗೆ ಕನ್ನಡಿ ಪ್ರಯೋಜನಕ್ಕೆ ಬರಲಿಲ್ಲ. ಕನ್ನಡಿ ಕಂಡ ಕೂಡಲೇ ಹಾಸ್ಯಗಾರ ಅದನ್ನೇ ಪ್ರೇಕ್ಷಕ ಮಾಡಿಕೊಳ್ಳುತ್ತಾನೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಧ್ವನಿ ಬಂದ್ ಮಾಡಿ ನೋಡತೊಡಗಿದೆ. ಧ್ವನಿ ಇಲ್ಲದಾಗ ಮೈ ಹೇಳುವ ಸುಳ್ಳು ಚೆನ್ನಾಗಿ ಕಾಣುತ್ತದೆ. ಮಾತು ಕೊಲೆಯ ಬಗ್ಗೆ, ಹೆಗಲು ಮಾತ್ರ ಮದುಮಗನನ್ನು ಛೇಡಿಸುವಂತೆ ಕುಣಿಯುತ್ತಿತ್ತು. ಹುಬ್ಬನ್ನು ಹಿಡಿದು ನಿಲ್ಲಿಸಲು ನೋಡಿದರೆ ಮುಖ ಸಿಮೆಂಟಿನ ಹಾಗೆ ಗಟ್ಟಿಯಾಗುತ್ತದೆ. ಬಹಳ ಮಂದಿ ಹಾಸ್ಯ ನಟರು ಗಂಭೀರ ಪಾತ್ರದಲ್ಲಿ ಬಚಾವಾಗದೆ ಹೋಗುವುದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ. ಮುಖ ಬಿಗಿದರೆ ಗಾಂಭೀರ್ಯ ಬರುವುದಿಲ್ಲ, ಮಲಬದ್ಧತೆ ಬಂದವರ ಹಾಗೆ ಕಾಣುತ್ತದೆ ಅಷ್ಟೆ.

ಬಾಲಣ್ಣ ಉಪಯೋಗಕ್ಕೆ ಬಂದದ್ದು ಇಲ್ಲಿ. ನಾನು ಹುಬ್ಬಿನ ಸುದ್ದಿ ಬಿಟ್ಟು ಎದುರಿನ ನಟನ ತುಟಿಯನ್ನೇ ನೋಡಲು ಶುರು ಮಾಡಿದೆ. ಕಣ್ಣಿಗೆ ಕೆಲಸ ಸಿಕ್ಕಿದಾಗ ಹುಬ್ಬು ತನ್ನಷ್ಟಕ್ಕೆ ಕೆಳಗೆ ಕೂತಿತು. ಇನ್ನೊಂದು, ನಗೆಗೆ ಕಾಯುತ್ತಿದ್ದ ಆ ಒಂದೆರಡು ಕ್ಷಣವನ್ನು ನಾನು ಬಿಸಾಡಲಿಲ್ಲ. ಅಷ್ಟೇ ಉದ್ದದ ಮೌನ ಇಟ್ಟುಕೊಂಡೆ, ಮುಖ ಮಾತ್ರ ಪ್ರೇಕ್ಷಕರ ಕಡೆ ತಿರುಗದೆ ಎದುರಿನವನ ಮೇಲೆಯೇ ಉಳಿಯಿತು. ಆಶ್ಚರ್ಯ ಎಂದರೆ ಅದೇ ಮೌನ ಈಗ ಹೆದರಿಕೆ ಹುಟ್ಟಿಸತೊಡಗಿತು. ಠಾಣೆಯ ದೃಶ್ಯದಲ್ಲಿ ಗೆಳೆಯ ಒಂದು ಸುಳ್ಳು ಹೇಳುತ್ತಾನೆ, ನಾನು ನಗೆ ಇಳಿಯುವಷ್ಟು ಹೊತ್ತು ಸುಮ್ಮನೆ ನೋಡುತ್ತೇನೆ, ಅವನು ತಾನಾಗಿ ಇನ್ನೊಂದು ಸುಳ್ಳು ಹೇಳುತ್ತಾನೆ. ನಲವತ್ತು ವರ್ಷ ಮೈದಾನದಲ್ಲಿ ನಿಂತವನಿಗೆ ಆ ಹೊತ್ತನ್ನು ಅಳೆಯಲು ವಾಚ್ ಬೇಡ.

ಕೈಗೆ ಪೆನ್ ಕೊಟ್ಟೆ. ಕಾಲಿಗೆ ಬೂಟ್ಸನ್ನು ಶೂಟಿಂಗಿಗೆ ಬಹಳ ಮೊದಲೇ ತರಿಸಿ ಮನೆಯಲ್ಲೇ ಹಾಕಿಕೊಂಡು ತಿರುಗಿದೆ. ನಾವು ಹಾಸ್ಯದವರು ಮುಂಗಾಲಲ್ಲಿ ನಡೆಯುವವರು, ಯಾವಾಗ ಬೇಕಾದರೂ ಹಾರಲು ತಯಾರು. ಬೂಟ್ಸು ಹಿಮ್ಮಡಿಗೆ ಭಾರ ಇಳಿಸಿತು. ಹೊಟ್ಟೆ ಕರಗಿಸಲು ಹೇಳಿದ್ದರು, ನಾನು ಒಪ್ಪಲಿಲ್ಲ. ಆ ಪ್ರಾಯದ ಎಸ್‌ಐಗೆ ಬಂದೋಬಸ್ತಿನಲ್ಲಿ ಹೊತ್ತು ಗೊತ್ತಿಲ್ಲದೆ ತಿಂದ ಊಟದ ಹೊಟ್ಟೆ ಇರಬೇಕು.

ಮಾತಿನ ವಿಷಯದಲ್ಲಿ ಸ್ವಲ್ಪ ಜಗಳವೇ ಆಯಿತು. ಡಬ್ಬಿಂಗಿನಲ್ಲಿ ಬೆಂಗಳೂರಿನ ಧಾಟಿಯಲ್ಲಿ ಹೇಳಿ, ಇಲ್ಲದಿದ್ದರೆ ಘಟ್ಟದ ಮೇಲೆ ಜನ ನಗುತ್ತಾರೆ ಎಂದರು. ಅವರ ಹೆದರಿಕೆಗೂ ಕಾರಣ ಉಂಟು. ಕನ್ನಡ ಸಿನಿಮಾದಲ್ಲಿ ಮಂಗಳೂರು ಕನ್ನಡ ಎಂದರೆ ಹೋಟೆಲ್ ಭಟ್ಟರು, ಬಡ್ಡಿ ಲೆಕ್ಕದ ಶೆಟ್ಟರು, ಹಿಂದಿನಿಂದ ಒಂದು ತಮಾಷೆಯ ಮ್ಯೂಸಿಕ್. ನನ್ನ ಪಾತ್ರ ಬಂಟ್ವಾಳ ಕಡೆಯದ್ದು, ಅವನು ಇನ್ನೆಂತ ಮಾತಾಡಬೇಕು? ಒಂದು ಸಾಲನ್ನು ಎರಡೂ ರೀತಿ ಹೇಳಿ ಕೇಳಿಸಿದೆ. 'ನೀನು ಇವತ್ತು ಮನೆಗೆ ಹೋಗುವುದಿಲ್ಲ' ಎಂದು ನಮ್ಮ ಕಡೆಯವರ ಹಾಗೆ ನಿಧಾನಕ್ಕೆ, ಒಂದಕ್ಷರವನ್ನೂ ನುಂಗದೆ, ಮರ್ಯಾದೆಯ ಧ್ವನಿಯಲ್ಲಿ ಹೇಳಿದರೆ ಬೈಗುಳಕ್ಕಿಂತ ಜೋರಾಗಿ ತಾಗುತ್ತದೆ. ಸೌಂಡ್ ಎಂಜಿನಿಯರ್ ತಲೆ ಎತ್ತಿ ನೋಡಿದ. ಅದೇ ಉಳಿಯಿತು. ನಾಟಕದ ಮೈಕಿಗೆಂದು ಮೂಗಿನಿಂದ ಎತ್ತುತ್ತಿದ್ದ ಧ್ವನಿಯನ್ನು ಎದೆಗೆ ಇಳಿಸಿದೆ, ಗುಡುಗಲಿಕ್ಕೆ ಹೋಗಲಿಲ್ಲ.

ಇನ್ನು ಹೊಡೆದಾಟ. ಹಾಸ್ಯ ನಟನಿಗೆ ಫೈಟ್ ಬರುವುದಿಲ್ಲ ಎಂದು ಎಲ್ಲರೂ ತಿಳಿದುಕೊಂಡಿದ್ದಾರೆ. ಹಾಗೇನಿಲ್ಲ. ನಾಟಕದಲ್ಲಿ ಪೆಟ್ಟು ತಿನ್ನುವುದೇ ನಮ್ಮ ಕಸುಬು. ಕೆನ್ನೆಗೆ ಕೈ ತಾಗುವ ಮೊದಲು ತಲೆ ಯಾವಾಗ ತಿರುಗಬೇಕು, 'ಚಟಾರ್' ಎಂಬ ಶಬ್ದಕ್ಕೆ ಮರೆಯಲ್ಲಿ ಯಾರ ಕೈ ಚಪ್ಪಾಳೆ ತಟ್ಟಬೇಕು, ಇದೆಲ್ಲ ಹುಡುಗ ಪ್ರಾಯದಿಂದ ಗೊತ್ತು. ಸಿನಿಮಾ ಫೈಟಿನ ಗುಟ್ಟೂ ಅದೇ. ಮುಷ್ಟಿ ಮುಖದಿಂದ ಒಂದು ಗೇಣು ಆಚೆ ಹೋಗುತ್ತದೆ, ಕ್ಯಾಮರಾ ಕೋನ ಆ ಜಾಗವನ್ನು ಮುಚ್ಚುತ್ತದೆ, ಉಳಿದದ್ದೆಲ್ಲ ಪೆಟ್ಟು ತಿನ್ನುವವನ ಕೈಯಲ್ಲಿ. ಕಷ್ಟವಾದದ್ದು ಹೊಡೆಯುವುದು. ಹೊಡೆದ ಮೇಲೆ ನನ್ನ ಮೈ ಒಂದು ಸಲ 'ನೋವಾಯ್ತಾ?' ಎಂದು ಕೇಳುವ ಹಾಗೆ ಮುಂದೆ ಬಾಗುತ್ತಿತ್ತು. ಫೈಟ್ ಮಾಸ್ಟರು ಅದನ್ನು ಗುರುತಿಸಿ, ಹೊಡೆದ ಕೂಡಲೇ ಹಿಂದೆ ಇರುವ ಇನ್ನೊಬ್ಬನನ್ನು ನೋಡಲು ಹೇಳಿದರು. ಸಣ್ಣ ಉಪಾಯ, ಕೆಲಸ ಮಾಡಿತು.

ದೊಡ್ಡ ಫೈಟು ಮುಚ್ಚಿಹೋದ ಒಂದು ಹಂಚಿನ ಕಾರ್ಖಾನೆಯಲ್ಲಿ. ಬಾಸೆಲ್ ಮಿಷನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚು ಸುಡಲು ಶುರು ಮಾಡಿದ ಮೇಲೆ ನೇತ್ರಾವತಿ, ಗುರುಪುರ ಹೊಳೆಗಳ ಬದಿಯಲ್ಲಿ ಅಂಥ ಚಿಮಣಿಗಳು ಎಷ್ಟೋ ಎದ್ದವು, ಈಗ ಬಹಳಷ್ಟು ಮುಚ್ಚಿವೆ. ಒಳಗೆ ಕಾಲಿಟ್ಟರೆ ಕೆಂಪು ಧೂಳು, ಮಳೆ ಸೋರಿದಲ್ಲಿ ಪಾಚಿ. ಮಾಸ್ಟರು ಮೊದಲು ನನಗೆ ಹಗ್ಗ ಕಟ್ಟಿ ಹಾರಿಸುವ ಯೋಚನೆಯಲ್ಲಿದ್ದರು. ಐವತ್ತು ದಾಟಿದ ಎಸ್‌ಐ ಗಾಳಿಯಲ್ಲಿ ತಿರುಗಿ ಒದ್ದರೆ ನನ್ನ ಹೆಸರಿಗೆ ಜನ ಕೂಡಲೇ ನಗುತ್ತಾರೆ ಎಂದು ನಾನು ಹೇಳಿದೆ. ಹಿಂದೆ ಸಶಸ್ತ್ರ ಮೀಸಲು ಪಡೆಯಲ್ಲಿದ್ದ ಒಬ್ಬರು ನಮಗೆ ಲಾಠಿ ಕಲಿಸಲು ಬರುತ್ತಿದ್ದರು. ತಲೆಗೆ ಬೀಸಬಾರದು, ಮೊಣಕಾಲಿನ ಕೆಳಗೆ ಎಂದು ಅವರ ಪಾಠ. ಅದನ್ನೇ ಇಟ್ಟುಕೊಂಡು ಇಡೀ ಫೈಟನ್ನು ಕೆಳಮಟ್ಟಕ್ಕೆ ಇಳಿಸಿದೆವು: ಗೋಡೆಗೆ ಬೆನ್ನು ಕೊಟ್ಟು ನಿಲ್ಲುವುದು, ಕಾಲಿಗೆ ಹೊಡೆಯುವುದು, ಬಿದ್ದವನ ಮೇಲೆ ಮೈಭಾರ ಹಾಕಿ ಕೂರುವುದು, ನಡುವೆ ಏದುಸಿರು ಬಿಡುವುದು. ಏದುಸಿರು ನಟನೆಯಲ್ಲ, ನಿಜದ್ದು. ಪಿಸ್ತೂಲನ್ನೂ ಅವರೇ ಹಿಡಿಯಲು ಕಲಿಸಿದರು. ಗುರಿ ಇಡುವ ತನಕ ಬೆರಳು ಟ್ರಿಗ್ಗರಿನ ಒಳಗೆ ಹೋಗಬಾರದು, ಹೊರಗೆ ಉದ್ದಕ್ಕೆ ಇರಬೇಕು. ಸೆಟ್ಟಿನಲ್ಲಿ ಗುಂಡಿನ ಶಬ್ದವೂ ಇಲ್ಲ, ಬೆಂಕಿಯೂ ಇಲ್ಲ, ಎರಡನ್ನೂ ಆಮೇಲೆ ಸೇರಿಸುತ್ತಾರೆ. ಇಲ್ಲದ ಶಬ್ದಕ್ಕೆ ಬೆಚ್ಚಿಬೀಳುವುದರಲ್ಲಿ ನಾನು ನಿಸ್ಸೀಮ, ಬೆಚ್ಚದೆ ಕಣ್ಣು ಬಿಟ್ಟುಕೊಂಡು ನಿಲ್ಲುವುದಕ್ಕೆ ಅಭ್ಯಾಸ ಬೇಕಾಯಿತು.

ಮಲ್ಪೆಯ ಚೇಸನ್ನು ಜೂನ್‌ನಲ್ಲಿ ಇಟ್ಟದ್ದು ಬೇಕೆಂದೇ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ. ಬೋಟುಗಳೆಲ್ಲ ಬಂದರಿನೊಳಗೆ ಒಂದಕ್ಕೊಂದು ತಾಗಿ ನಿಂತಿರುತ್ತವೆ, ನೀರು ಮುಟ್ಟದೆ ಈ ತುದಿಯಿಂದ ಬಹಳ ದೂರ ಹೋಗಬಹುದು. ನಾವು ಓಡಿದ್ದು ಆ ಬೋಟುಗಳ ಮೇಲೆ. ಹಗ್ಗ, ಬಲೆ, ಡೀಸೆಲ್ ಜಾರು, ಮೇಲಿಂದ ಮಳೆ. ರೈನ್‌ಕೋಟಿನ ಒಳಗೆ ಮೊಣಕಾಲು ಮೊಣಕೈಗೆ ಪ್ಯಾಡ್ ಕಟ್ಟಿಕೊಂಡಿದ್ದೆ, ಅದು ಮಳೆಗಾಲದಲ್ಲಿ ಶೂಟಿಂಗ್ ಮಾಡುವ ದೊಡ್ಡ ಲಾಭ. ಎರಡು ಬೋಟಿನ ನಡುವೆ ದೊಡ್ಡ ಅಂತರ ಇದ್ದಲ್ಲಿ ಡೂಪ್ ಹಾರಿದ. ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ, ಆ ಹುಡುಗ ನನಗಿಂತ ಚೆನ್ನಾಗಿ ಹಾರುತ್ತಾನೆ.

ಅಲ್ಲಿಯೇ ನನ್ನ ಮೊದಲ ಪ್ರವೇಶದ ದೃಶ್ಯವೂ ಇತ್ತು. ಜೀಪಿನಿಂದ ಇಳಿದು, ಹೆಣ ಸಿಕ್ಕಿದ ಜಾಗಕ್ಕೆ ಜನರನ್ನು ಸರಿಸಿಕೊಂಡು ಹೋಗಬೇಕು. ಗುಂಪಿನಲ್ಲಿ ನಿಂತವರು ಬಂದರಿನವರೇ. ನಾನು ಇಳಿದದ್ದೇ ಒಬ್ಬರು 'ಓ ಬತ್ತೆರ್!' (ಓ ಬಂದರು!) ಎಂದರು, ಇಡೀ ಗುಂಪು ನಕ್ಕಿತು. ಇನ್ನೊಂದು ಟೇಕ್, ಮತ್ತೆ ನಗು. ಅವರದ್ದೇನು ತಪ್ಪು, ನನ್ನನ್ನು ಕಂಡರೆ ನಗುವುದನ್ನು ಕಲಿಸಿದ್ದು ನಾನೇ ಅಲ್ಲವಾ? ನಿರ್ದೇಶಕರು ಹತ್ತಿರ ಬಂದು, 'ಅಣ್ಣ, ಇದನ್ನು ಇಟ್ಟುಕೊಳ್ಳುವ. ಅವರು ನಗಲಿ, ನೀವು ಅವರಿಗೆ ಏನೂ ಕೊಡಬೇಡಿ' ಎಂದರು. ಕ್ಯಾಮರಾ ಓಡಿತು. ಜನ ನಕ್ಕರು. ನಾನು ತಲೆ ಅಲ್ಲಾಡಿಸಲಿಲ್ಲ, ಕಣ್ಣು ಎತ್ತಲಿಲ್ಲ, ಸಿಟ್ಟೂ ತೋರಿಸಲಿಲ್ಲ. ಹೆಣದ ಹತ್ತಿರ ಕೂತು ಕಾಲಿನ ಚಪ್ಪಲಿ ಒಂದೇ ಇದೆ ಎಂದು ನೋಡಿದೆ, ಇನ್ನೊಂದಕ್ಕೆ ಸುತ್ತ ಹುಡುಕಿದೆ. ಹಿಂದಿನ ನಗು ಮೊದಲು ಹತ್ತಿರದವರಲ್ಲಿ, ಮತ್ತೆ ದೂರದವರಲ್ಲಿ ಕಮ್ಮಿಯಾಗುತ್ತಾ ಬಂತು. ಕೊನೆಗೆ ಯಾರೋ ಹುಡುಗನೊಬ್ಬ ನಗುತ್ತಿದ್ದವನು ಬದಿಯವರಿಂದ ಬೈಸಿಕೊಂಡ. ಇದು ಯಾವುದನ್ನೂ ನಾವು ಬರೆದಿರಲಿಲ್ಲ.

ಮಂಗಳೂರಿನಲ್ಲಿ ಮೊದಲ ದಿನದ ಮೊದಲ ಆಟಕ್ಕೆ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಜೀಪಿನ ಬಾಗಿಲು ತೆರೆದದ್ದೇ ಟಾಕೀಸಿನಲ್ಲಿ ನಗು ಎದ್ದಿತು, ಪರದೆಯ ಮೇಲಿನ ಜನರೂ ನಗುತ್ತಿದ್ದರಲ್ಲ, ಎರಡೂ ಸೇರಿದವು. ಚಪ್ಪಲಿ ಹುಡುಕುವಲ್ಲಿಗೆ ಬರುವಾಗ ಪರದೆಯೊಳಗಿನ ನಗು ನಿಂತಿತು, ಇವರದ್ದೂ ಅದರ ಬೆನ್ನಿಗೆ ನಿಂತಿತು. 103ರ ಹತ್ತಿರ ಪುನಃ ಒಂದು ಸಣ್ಣ ನಗು ಬಂದು ಹೋಯಿತು. ಕೆಲವರಿಗೆ ಸಿನಿಮಾ ಹಿಡಿಸಲಿಲ್ಲ, 'ನಿಮ್ಮನ್ನು ಹೀಗೆ ನೋಡಲಿಕ್ಕೆ ಆಗುವುದಿಲ್ಲ, ದುಡ್ಡು ಕೊಟ್ಟು ಬೇಜಾರು ಮಾಡಿಕೊಳ್ಳುವುದು ಯಾಕೆ' ಎಂದು ಮುಖಕ್ಕೆ ಹೇಳಿದರು. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ನಗಲಿಕ್ಕೆ ಬರುವವರಿಂದಲೇ ಇಷ್ಟು ವರ್ಷ ನನ್ನ ಅನ್ನ.

ಈ ಸೀಸನ್ನಿಗೆ ಮತ್ತೆ ನಾಟಕಕ್ಕೆ ಬಂದಿದ್ದೇನೆ. ಜೊತೆಯವನದ್ದು ಒಂದು ದೂರು ಉಂಟು: ಮೊದಲಿನ ಹಾಗೆ ಪ್ರೇಕ್ಷಕರ ಕಡೆ ತಿರುಗದೆ ನಾನು ಅವನ ತುಟಿಯನ್ನೇ ನೋಡುತ್ತೇನಂತೆ, ಅವನಿಗೆ ಮಾತು ಮರೆತುಹೋಗುತ್ತದಂತೆ. ಸಿನಿಮಾದಿಂದ ಫೋನೂ ಬರುತ್ತಿದೆ. ಒಬ್ಬರದ್ದು ಎಸ್‌ಐ, ಇನ್ನೊಬ್ಬರದ್ದು ನಿವೃತ್ತ ಎಸ್‌ಐ, ಮತ್ತೊಬ್ಬರದ್ದು ಸಸ್ಪೆಂಡ್ ಆದ ಎಸ್‌ಐ. ಅಳತೆ ಕಳಿಸಿ ಸಾರ್, ಖಾಕಿ ಹೊಲಿಸುತ್ತೇವೆ ಎನ್ನುತ್ತಾರೆ. ಸಹಕಾರಿ ಸಂಘದ ಮ್ಯಾನೇಜರನ ಪಾತ್ರ ಯಾವುದಾದರೂ ಉಂಟಾ ಎಂದು ನಾನು ಕೇಳುತ್ತಿದ್ದೇನೆ.